ಅಮ್ಮನ ಗಿಡದ ನಲವತ್ತು ಹಣ್ಣು

ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಅವಳನ್ನು ಎಲ್ಲರೂ ಫ್ರಿಜ್ಜಕ್ಕ ಎಂದೇ ಕರೆಯುತ್ತಿದ್ದರು. ಮಿಕ್ಕಿದ್ದನ್ನೆಲ್ಲ ಫ್ರೀಜರಿಗೆ ತುಂಬುವುದು ಅವಳ ಚಾಳಿ. ಪಾತ್ರೆ ತೊಳೆಯುವವಳು ಒಮ್ಮೆ, "ಅಕ್ಕ, ನಿಮ್ಮ ಸಿಟ್ಟನ್ನೂ ಅದ್ರಲ್ಲೇ ಇಟ್ಟಿದೀರಾ? ಎಷ್ಟು ವರ್ಷ ಆದ್ರೂ ಕೆಡಲ್ವಲ್ಲ" ಎಂದಿದ್ದಳು. ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು.

ಮನೆಯ ಬಾಲ್ಕನಿಯಲ್ಲಿ ಅಮ್ಮ ಬೆಳೆಸಿದ ಮೆಣಸಿನ ಗಿಡವೊಂದಿತ್ತು. ಗೋಲಿಯಷ್ಟು ಗಾತ್ರದ ಕಾಯಿ. ಒಂದು ಹಾಕಿದರೆ ಪಾತ್ರೆ ತುಂಬ ಖಾರ. ಅಂಥ ಕಾಯಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಮ್ಮ ವರ್ಷಾ ವರ್ಷ ಬೀಜ ಒಣಗಿಸಿ ಹೊಸ ಗಿಡ ಮಾಡುತ್ತಿದ್ದಳು. ಮಗಳು ಕಾಯಿ ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ತೊಟ್ಟು ಮುರಿದು, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡುತ್ತಿದ್ದಳು. ಕಲ್ಲಿನಂತಾದ ಮೇಲೆ ಡಬ್ಬಿಗೆ ಸುರಿಯುವುದು, ಬೇಕಾದಾಗ ಹಾಗೇ ಹೆಚ್ಚುವುದು.

ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಿದ್ದಳು; ಬೀಜ ಒಣಗಿಸುವುದು ನಿಂತು, ಹಳೆಯ ಗಿಡವೊಂದೇ ಉಳಿಯಿತು. ಆ ಮೂರು ವರ್ಷದಲ್ಲಿ ತಂಗಿ ಬಂದದ್ದು ಎರಡು ಸಲ. ಅಮ್ಮ ತೀರಿಕೊಂಡ ಮರುವಾರ ಮೂರನೆಯ ಸಲ ಬಂದಳು.

"ಸೀರೆ ಬೇಡ, ಪಾತ್ರೆ ಬೇಡ. ಗಿಡದಿಂದ ಒಂದು ಹಣ್ಣು ಕೊಡಕ್ಕ, ಬೀಜ ಹಾಕ್ಕೋತೀನಿ."

"ಅಮ್ಮನ ಬಟ್ಟೆ ಒಗೆಯೋಕೆ ಬಾರದವಳಿಗೆ ಅಮ್ಮನ ಬೀಜ ಬೇಕಾಯ್ತಾ?"

ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ನ್ಯಾಯ ಅಕ್ಕನ ಕಡೆಗೇ ಇತ್ತು, ಅಲ್ಲವೆನ್ನುವವರು ಯಾರು? ಆದರೆ ಅವತ್ತು ಗಿಡದಲ್ಲಿ ನಲವತ್ತು ಹಣ್ಣಿದ್ದವು. ಎಂಜಲು ಕೈಯಲ್ಲಿ ಕಾಗೆ ಓಡಿಸದವರೂ ಒಂದನ್ನು ಕೊಟ್ಟಾರು. ಇವಳು ಅಷ್ಟನ್ನೂ ಕಿತ್ತು, ಒರೆಸಿ, ಫ್ರೀಜರಿಗೆ ಹಾಕಿದಳು. ಬೀಜ ಎಲ್ಲಿಗೆ ಹೋಗುತ್ತದೆ, ಒಳಗೇ ಇರುತ್ತದಲ್ಲ ಎಂದುಕೊಂಡಳು.

ಎರಡೇ ತಿಂಗಳಲ್ಲಿ ಎಲೆ ಮುದುಡಿ ಗಿಡ ಒಣಗಿತು. ಅವಳೇನೂ ಹೆದರಲಿಲ್ಲ. ಡಬ್ಬಿಯಿಂದ ಐದು ಹಣ್ಣು ತೆಗೆದು, ಬೀಜ ಬಿಡಿಸಿ ಕುಂಡಕ್ಕೆ ಹಾಕಿದಳು. ಮೂರು ವಾರವಾದರೂ ಒಂದು ಮೊಳಕೆಯೂ ಕಾಣಲಿಲ್ಲ. ಮತ್ತೆ ಹತ್ತು ಹಣ್ಣಿನ ಬೀಜ ಹಾಕಿದಳು. ಅವೂ ಮಣ್ಣಲ್ಲೇ ಕೊಳೆತವು.

ಸಸಿ ಮಾರುವವನು ಡಬ್ಬಿ ನೋಡಿ ತಲೆಯಾಡಿಸಿದ. "ಹಸಿ ಹಣ್ಣನ್ನ ಹೀಗೆ ಗಟ್ಟಿ ಮಾಡಿದ್ರೆ ಒಳಗಿನ ಬೀಜ ಸಾಯುತ್ತಮ್ಮ. ಬೀಜಕ್ಕೆ ಅಂತ ಒಂದೆರಡು ಒಣಗಿಸ್ಬೇಕಿತ್ತು."

ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದವಳಿಗೆ ಅದು ಗೊತ್ತಿರಲಿಲ್ಲ. ಅಡುಗೆಯವಳಿಗೆ ಬೀಜವೆಂದರೆ ಖಾರ, ಅಷ್ಟೇ.

ಹಲ್ಲು ಕಚ್ಚಿಕೊಂಡು ತಂಗಿಯ ಮನೆ ಬಾಗಿಲು ತಟ್ಟಿದಳು. ಅಮ್ಮ ಇದ್ದಾಗ ಯಾವತ್ತಾದರೂ ತಂಗಿಗೆ ನಾಲ್ಕು ಬೀಜ ಕೊಟ್ಟಿರಬಹುದು ಎಂಬ ಆಸೆ. ತಂಗಿ ಕೂರಿಸಿದಳು, ನೀರು ಕೊಟ್ಟಳು, ಎಲ್ಲ ಕೇಳಿಸಿಕೊಂಡಳು.

"ನನ್ನ ಹತ್ರ ಎಲ್ಲಿಂದ ಬರ್ಬೇಕಕ್ಕ? ಅವತ್ತು ನೀನು ಒಂದು ಕೊಟ್ಟಿದ್ದಿದ್ರೆ, ಇವತ್ತು ನಿಂಗೆ ಗಿಡಾನೇ ಕೊಡ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕ ಜಗಳವಾಡಿ ಹಗುರಾಗುತ್ತಿದ್ದಳು.

ಮನೆಗೆ ಬಂದು ಅಡುಗೆಗೆ ನಿಂತಳು. ಡಬ್ಬಿಯಲ್ಲಿ ಇನ್ನೂ ಇಪ್ಪತ್ತೈದು ಇದ್ದವು. ಒಂದನ್ನು ತೆಗೆದು ಹಾಗೇ ಹೆಚ್ಚಿ ಹಾಕಿದಳು. ಖಾರ ಮಾತ್ರ ಅಮ್ಮ ಇದ್ದಾಗಿನಷ್ಟೇ ಇತ್ತು.