ಗಡಿಯಾರ ರಿಪೇರಿಯವರ ತತ್ವಜ್ಞಾನ

ಗಡಿಯಾರ ರಿಪೇರಿಯವರ ಜೊತೆ ಸಂಸಾರವೆಂದರೆ ಕಲ್ಲುಗುಂಡಿನ ಜೊತೆ ಜಗಳವಾಡಿದ ಹಾಗೆ ಎಂಬುದು ಅವರ ಹೆಂಡತಿಯ ಗೋಳು. ಸ್ಟೋಯಿಕರೆಂಬ ಹಳೇ ಕಾಲದ ಜ್ಞಾನಿಗಳ ಪುಸ್ತಕ ಯಾವಾಗ ಕೈಗೆ ಸಿಕ್ಕಿತೋ, ಅಂದಿನಿಂದ ಹಾಲು ಉಕ್ಕಿದರೂ ನಲ್ಲಿ ಸೋರಿದರೂ ಅವರದು ಒಂದೇ ಮಾತು: "ನಮ್ಮ ಕೈಲಿರೋದು ನಮ್ಮ ಮನಸ್ಸೊಂದೇ ಕಣೇ." "ಸ್ಪ್ಯಾನರೂ ಕೈಲೇ ಇದೆಯಲ್ರೀ, ನಲ್ಲಿ ತಿರುಗಿಸಿ!" ಎಂದು ಆಕೆ ಹಣೆ ಹಣೆ ಚಚ್ಚಿಕೊಳ್ಳುತ್ತಾಳೆ. ಇದು ಸಾಲದೆಂದು, ಅಂದು ಏನೇನು ಕೆಡಬಹುದೋ ಅದನ್ನೆಲ್ಲ ಬೆಳಿಗ್ಗೆ ಕಾಫಿಗೂ ಮುಂಚೆ ಗಟ್ಟಿಯಾಗಿ ಹೇಳಿಕೊಂಡು ಮನಸ್ಸನ್ನು ಹದ ಮಾಡಿಕೊಳ್ಳುವ ಅಭ್ಯಾಸ ಬೇರೆ. ಕರೆಂಟು ಹೋಗಬಹುದು, ಅಂಗಡಿಯ ಬೀಗ ಕಚ್ಚಿಕೊಳ್ಳಬಹುದು, ಛತ್ರಿ ಕಳೆಯಬಹುದು. ಕೇಳಿ ಕೇಳಿ ಆಕೆಯ ಕಿವಿ ತೂತು ಬಿದ್ದಿದೆ. ಆಕೆಯ ಹೃದಯದ ಆಪರೇಷನ್ನಿನ ದಿನವೂ ಶುರುವಾಯಿತು: "ಟ್ಯಾಕ್ಸಿ ಸಿಗದೇ ಇರಬಹುದು, ಲಿಫ್ಟು ಕೆಟ್ಟಿರಬಹುದು, ಡಾಕ್ಟ್ರು ತಡ ಮಾಡಬಹುದು." ಆಕೆಗೆ ರೇಗಿಹೋಯಿತು. "ನಾನು ವಾಪಸ್ ಬರದೇ ಇರಬಹುದು. ಅದನ್ನೂ ಹೇಳ್ಬಿಡಿ, ಮುಗಿದುಹೋಗ್ಲಿ!" "ಒಂದು ತಿಂಗಳಿಂದ ಪ್ರಯತ್ನ ಮಾಡ್ತಾನೇ ಇದೀನಿ ಕಣೇ," ಎಂದರು ಅವರು, "ಅದೊಂದು ಬಾಯಿಗೆ ಬರ್ತಿಲ್ಲ." "ಬಂದ್ಬಿಟ್ರು ದೊಡ್ಡ ಜ್ಞಾನಿ!" ಎಂದು ಗದರುತ್ತಲೇ ಆಕೆ, ಮೇಲೆ ಕೆಳಗೆ ಹಾಕಿಕೊಂಡಿದ್ದ ಅವರ ಅಂಗಿಯ ಗುಂಡಿಗಳನ್ನು ಬಿಚ್ಚಿ, ಒಂದೊಂದಾಗಿ ಸರಿಯಾಗಿ ಹಾಕತೊಡಗಿದಳು.