ದೊಡ್ಡ ಗಾಡಿಯಲ್ಲಿ ಹೆಣ್ಣು ನೋಡಲು ಹೋದದ್ದು

ರವಿವಾರ ಮುಂಜಾನೆ ಮುಧೋಳ ಬಿಡುವ ಮೊದಲು ನಮ್ಮ ಮನೆಯವರು ಹೊಸ ಗಾಡಿಯನ್ನು ಎರಡು ಸಲ ಒರೆಸಿದರು. ಒಂದು ಸಲ ಹಸಿ ಬಟ್ಟೆಯಿಂದ, ಇನ್ನೊಂದು ಸಲ ಒಣ ಬಟ್ಟೆಯಿಂದ. ಮದುವೆಯಾದಾಗಿನಿಂದ ಉಂಡ ತಾಟನ್ನು ಎತ್ತಿಡದ ಮನುಷ್ಯ! ನಾನು ಹೊಸ್ತಿಲ ಮೇಲೆ ನಿಂತು ನೋಡುತ್ತಲೇ ಇದ್ದೆ.

"ಕನ್ಯಾ ನೋಡಾಕ ಹೊಂಟೀವ್ರಿ, ಗಾಡಿ ತೋರಸಾಕಲ್ಲ," ಎಂದೆ.

"ಎರಡೂ ಆಗಲಿ ಬಿಡು," ಎಂದರು.

ಹೊರಟಿದ್ದು ನನ್ನ ತಮ್ಮ ಸಂಗಮೇಶನಿಗೆ ಹೆಣ್ಣು ನೋಡಲು. ಬೀಳಗಿ ಹತ್ತಿರದ ಪಶು ಆಸ್ಪತ್ರೆಯಲ್ಲಿ ಅವನಿಗೆ ಸರಕಾರಿ ನೌಕರಿ. ವಯಸ್ಸು ಮೂವತ್ತನಾಲ್ಕು. ದನ ಕಾಯುವವನಿಗೆ ಹೆಣ್ಣು ಕೊಡುವುದಿಲ್ಲವೆಂದು ನಾಲ್ಕು ಕಡೆ ತಿರುಗಿ ಕಳಿಸಿದ್ದರು. ದನಕ್ಕೆ ಔಷಧ ಕೊಡುವುದಕ್ಕೂ ದನ ಕಾಯುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರಿಗೆ ಏನು ಹೇಳುವುದು? ಈ ಸಲದ ಹುಡುಗಿ ರಬಕವಿಯ ಸವಿತಾ. ತಂದೆ ಈರಪ್ಪನವರದು ವಿದ್ಯುತ್ ಮಗ್ಗಗಳು. ಮಗಳು ಸೀರೆಯ ಅಂಚಿನ ಡಿಜೈನನ್ನು ಕಂಪ್ಯೂಟರಿನಲ್ಲಿ ತೆಗೆಯುತ್ತಾಳೆ. ನಮ್ಮ ಅಜ್ಜನೂ ನೇಕಾರನೇ, ಹಾಗಾಗಿ ಸಂಬಂಧ ಕೂಡುವಂಥದು. ಫೋಟೋ ನೋಡಿದ ಮೇಲೆ ಸಂಗು ನನಗೆ ಒಂದೇ ಮಾತು ಹೇಳಿದ್ದ: "ಅಕ್ಕಾ, ಇದು ಆಗಲಿಲ್ಲಂದ್ರ ಮತ್ತ ಯಾರ ಮನಿಗೂ ನನ್ನ ಕರಕೊಂಡ ಹೋಗಬ್ಯಾಡ." ಅವನು ಹೇಳಿದರೆ ಹೇಳಿದ್ದೇ. 

ಗಾಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಕಲಿಸುವ ಸಾಲೆಯಲ್ಲಿ ಎದುರಾದವರೆಲ್ಲ "ಗಾಡಿ ಹೆಂಗೈತ್ರಿ ಬಾಯಾರ?" ಎಂದು ಕೇಳುತ್ತಾರೆ. ಬೆಲೆ ಕೇಳಬೇಡಿ, ನಮ್ಮವರು ನನಗೇ ಪೂರ್ತಿ ಹೇಳಿಲ್ಲ. ಹನಿ ನೀರಾವರಿ ಪೈಪಿನ ಅಂಗಡಿ ಎರಡು ವರ್ಷ ಛಲೋ ನಡೆಯಿತು. ಮೂರನೆಯ ವರ್ಷ ಗಾಡಿ ಬಂತು. ಕುಳಿತರೆ ಸೊಂಟ ನೋಯುವುದಿಲ್ಲ ಎಂಬುದು ಖರೆ. ಮುಧೋಳದಿಂದ ಬೀಳಗಿಯ ರಸ್ತೆಯಲ್ಲಿ ಮೊದಲೆಲ್ಲ ನನ್ನ ಬೆನ್ನು ಪ್ರತಿ ತೆಗ್ಗನ್ನೂ ಎಣಿಸುತ್ತಿತ್ತು. ಈಗ ತೆಗ್ಗು ಬಂದದ್ದೂ ಗೊತ್ತಾಗುವುದಿಲ್ಲ. ಸೀಟಿನಿಂದ ತಣ್ಣಗಿನ ಗಾಳಿ ಬರುತ್ತದೆ. ಗಾಜು ಏರಿಸಿದರೆ ಹೊರಗಿನ ಸಪ್ಪಳ ಒಂದಿಷ್ಟೂ ಒಳಗೆ ಬರದು.

ಆದರೆ ಸೀಟಿನ ಬಣ್ಣ ಕೆನೆಹಾಲಿನದು. ಕೆಂಪು ಧೂಳಿನ ನಾಡಿನಲ್ಲಿ ಇಂಥ ಬಣ್ಣ ಆರಿಸಿದವರಿಗೆ ಏನೆನ್ನಬೇಕು! ನಾನು ಮೇಲೆ ಹಳೆಯ ಕೌದಿ ಹಾಸಿದ್ದೇನೆ. ಅದನ್ನು ನೋಡಿದಾಗಲೆಲ್ಲ ನಮ್ಮವರ ಮುಖ ಸಣ್ಣದಾಗುತ್ತದೆ. ಇನ್ನು ಕಬ್ಬಿನ ಹಂಗಾಮಿನಲ್ಲಿ ಈ ಗಾಡಿಯ ಜಾಣತನ ನೋಡಬೇಕು. ಮುಂದೆ ಎರಡು ಟ್ರೇಲರಿನ ಟ್ರ್ಯಾಕ್ಟರು, ಹಾಡು ಹಚ್ಚಿಕೊಂಡು ಓಲಾಡುತ್ತ ಹೊರಟಿರುತ್ತದೆ. ಹೊರಗೆ ಚಾಚಿದ ಕಬ್ಬಿನ ಗಳ ಕಂಡರೂ ಸಾಕು, ಗಾಡಿ ಕುಂಯ್ ಕುಂಯ್ ಎಂದು ಹೊಯ್ಕೊಂಡು ತಾನೇ ಬ್ರೇಕು ಹಾಕುತ್ತದೆ. ಬೀಳಗಿ ಮುಟ್ಟುವಷ್ಟರಲ್ಲಿ ಮೂರು ಸಲ ನನ್ನ ಹಣೆ ಮುಂದಕ್ಕೆ ಹೋಗಿ ಬಂತು. ಟ್ರ್ಯಾಕ್ಟರಿನವನಿಗೆ ಮಾತ್ರ ಯಾವುದರ ಪರಿವೆಯೂ ಇರಲಿಲ್ಲ.

ಬೀಳಗಿಯಲ್ಲಿ ಅವ್ವ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸಿದ್ಧ ಮಾಡಿದ್ದಳು. ತಾನೂ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಉಂಡು ಹೊರಗೆ ಬಂದೆವು. ಅವ್ವ ಗಾಡಿಯ ಬಾಗಿಲು ಹಿಡಿದು ಒಂದು ಕಾಲೆತ್ತಿದಳು, ಇಳಿಸಿದಳು. ಸಂಗು ಒಳಗಿನಿಂದ ಮಣೆ ತಂದಿಟ್ಟ. ಮಣೆ ಹತ್ತಿದರೂ ಮೊಣಕಾಲು ಮುಂದಕ್ಕೆ ಬಗ್ಗಲೊಲ್ಲದು. ನಮ್ಮವರು ಗುಂಡಿ ಒತ್ತಿ ಗಾಡಿಯನ್ನು ನಾಲ್ಕು ಬೆರಳು ಕೆಳಗಿಳಿಸಿದರು. ಆ ಸೌಕರ್ಯವೂ ಇದೆ ನೋಡಿ. ನಾಲ್ಕು ಬೆರಳಿನಿಂದ ಏನಾದೀತು?

"ಇದು ಗಾಡಿಯೋ ಮಾಳಿಗಿಯೋ?" ಎಂದು ಅವ್ವ ಹಿಂದೆ ಸರಿದಳು. "ನೀವು ಹೋಗಿ ಬರ್ರಿ. ಆದ್ರ ಈ ಗುಡ್ಡ ಒಯ್ಯಬ್ಯಾಡ್ರಿ. ಬಸ್ಸಿಗಿ ಹೋಗ್ರಿ."

"ಬಸ್ಸಿಗಿ ಹೋದ್ರ ನಮ್ಮ ಮರ್ಯಾದಿ ಏನ್ ಉಳೀತೈತ್ರಿ ಅತ್ತಿ?" ಎಂದರು ನಮ್ಮವರು. ಅವ್ವ ಉಟ್ಟ ಹೊಸ ಸೀರೆಯಲ್ಲೇ ಕಟ್ಟೆಯ ಮೇಲೆ ಕುಳಿತಳು. ನನಗೆ ಕೆಟ್ಟೆನಿಸಿತು. ಇಷ್ಟು ದೊಡ್ಡ ಗಾಡಿ ತಂದು ಹಡೆದವ್ವನನ್ನು ಹತ್ತಿಸಿಕೊಳ್ಳಲು ಆಗಲಿಲ್ಲವಲ್ಲ ಎಂದು ಸಿಟ್ಟೂ ಬಂತು.

ಬೀಳಗಿಯಿಂದ ಜಮಖಂಡಿಗೆ ಹೋಗುವಷ್ಟರಲ್ಲಿ ಬಿಸಿಲೇರಿತು. ಎರಡೂ ಬದಿ ಕಬ್ಬು, ನಡುವೆ ಅಲ್ಲಲ್ಲಿ ಗೋವಿನಜೋಳ. ಸಂಗು ಹಿಂದಿನ ಸೀಟಿನಲ್ಲಿ ಮೈ ಹಿಡಿ ಮಾಡಿ ಕುಳಿತಿದ್ದ. "ಆರಾಮಾಗಿ ಒರಗಲೇ," ಎಂದರೆ, "ಅಂಗಿ ಮುದುಡತೈತಿ," ಎಂದ. ಜಮಖಂಡಿಯಲ್ಲಿ ಹೂವು, ಹಣ್ಣು, ಪೇಢೆ ಕೊಂಡೆವು. ಚಾ ಅಂಗಡಿಯವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಎಷ್ಟ್ ಕೊಡತೈತ್ರಿ?" ಎಂದು ಕೇಳಿದರು. ನಮ್ಮವರು ಲೀಟರಿಗೆ ಹದಿನಾಲ್ಕು ಎಂದರು. ಪರದೆಯ ಮೇಲೆ ಹತ್ತು ಎಂದಿತ್ತು. ಚಾ ಕುಡಿಯುತ್ತ ನಾಲ್ಕೂ ಬಾಗಿಲು ತೆರೆದು, ಜಾನಪದ ಹಾಡು ಹಚ್ಚಿ, ಸ್ಪೀಕರ್ ಎಷ್ಟು ದೂರ ಕೇಳುತ್ತದೆಂದು ಅವರಿಗೆ ತೋರಿಸಿದ್ದೂ ಆಯಿತು.

ರಬಕವಿ ಅಲ್ಲಿಂದ ಅರ್ಧ ತಾಸು. ಊರು ಹೊಕ್ಕ ಮೇಲೆ ನಾನು ಗಾಜು ಇಳಿಸಿದೆ. ಖಟಖಟ ಖಟಖಟ, ಮನೆಮನೆಯಿಂದಲೂ ಮಗ್ಗದ ಸಪ್ಪಳ. ಈರಪ್ಪನವರ ಓಣಿಯ ಬಾಯಿಗೆ ಗಾಡಿ ನಿಲ್ಲಿಸಿ ನಡೆದು ಹೋಗೋಣವೆಂದೆ. ನಮ್ಮವರು ಕೇಳಬೇಕಲ್ಲ! ಕನ್ನಡಿ ಮಡಚಿಕೊಂಡು ಒಳಗೆ ನುಗ್ಗಿಸಿದರು. ಒಬ್ಬರು ಸ್ಕೂಟರ್ ಸರಿಸಿದರು, ಇನ್ನೊಬ್ಬರು ಹೊರಸು ಎತ್ತಿ ಒಳಗೊಯ್ದರು. ಒಂದು ಮನೆಯ ರಂಗೋಲಿಯ ಮೇಲೆ ಗಾಲಿ ಹಾಯಿತು. ಕೊನೆಗೆ ಈರಪ್ಪನವರ ಬಾಗಿಲಿಗೆ ಅಡ್ಡಲಾಗಿ ನಿಂತೆವು. ನಾವು ಒಳಗೆ ಹೋಗಿ ಕೂತರೆ ಪಡಸಾಲೆಯೆಲ್ಲ ಕತ್ತಲು. ಬಾಗಿಲ ಬೆಳಕನ್ನು ಗಾಡಿ ನುಂಗಿತ್ತು. ಈರಪ್ಪನವರು ನಡುಮಧ್ಯಾಹ್ನ ಎದ್ದು ಟ್ಯೂಬ್‌ಲೈಟ್ ಹಾಕಿದರು.

ಅವರು ಸಣ್ಣ ಮೈಕಟ್ಟಿನ, ಮೆತ್ತಗಿನ ಮಾತಿನ ಮನುಷ್ಯ. ಸಂಗುವಿನ ನೌಕರಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು. "ದೊಡ್ಡ ಗಾಡಿ," ಎಂದು ಎರಡು ಸಲ ಅಂದರು. ನಮ್ಮವರು ಅದನ್ನು ಹೊಗಳಿಕೆ ಎಂದುಕೊಂಡರು.

ಸವಿತಾ ಉಪ್ಪಿಟ್ಟು, ಶಿರಾ ತಂದಿಟ್ಟು ಎದುರಿಗೆ ಕುಳಿತಳು. ತಲೆ ತಗ್ಗಿಸಿ ಕುಳಿತುಕೊಳ್ಳುವ ಹುಡುಗಿಯಲ್ಲ. ನೇರವಾಗಿ ಸಂಗುವನ್ನೇ ಕೇಳಿದಳು: "ಕರೆ ಬಂದ್ರ ಸೂಟಿ ದಿನಾನೂ ಹೋಗಬೇಕೇನ್ರಿ?"

"ಹೋಗಬೇಕ್ರಿ. ಆಕಳಿಗಿ ರವಿವಾರ ತಿಳಿಯೂದಿಲ್ಲ," ಎಂದ ಸಂಗು.

ಅವಳು ನಕ್ಕಳು. ನನ್ನ ತಮ್ಮ ಹೊರಗಿನವರನ್ನು ನಗಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಆಯಿತು, ಗೆದ್ದೆವು ಅಂದುಕೊಂಡೆ.

ಚಾದ ಕಪ್ಪು ಒಯ್ದು ಇಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಸವಿತಾಳದೇ ಮುಖದ, ಅವಳಿಗಿಂತ ದೊಡ್ಡ ಹೆಂಗಸು ಕುಳಿತಿದ್ದಳು. ಉಪ್ಪಿಟ್ಟು, ಶಿರಾ, ಚಾ ಎಲ್ಲ ಅವಳ ಕೈಯವೇ. ಹೊರಗೆ ಮಾತ್ರ ಅವಳ ಸುದ್ದಿ ಯಾರೂ ಎತ್ತಿರಲಿಲ್ಲ. ಹುಡುಗಿಯ ತಾಯಿ ಗಡಬಡಿಸಿ, "ಇಕಿ ನಮ್ಮ ಹಿರಿಯಾಕ್ರಿ. ಊರಿಂದ ಬಂದಾಳ, ನಾಕು ದಿನ," ಎಂದರು.

"ನಾಕು ದಿನ ಅಲ್ರಿ ಅಕ್ಕಾರ, ನಾಕು ವರ್ಷಾತು," ಎಂದಳು ಅವಳು, ಒಲೆಯಿಂದ ಕಣ್ಣೆತ್ತದೆ. "ನನ್ನ ನೋಡಾಕೂ ಹಿಂಗ ದೊಡ್ಡ ಗಾಡ್ಯಾಗ ಬಂದಿದ್ರು. ಬಾಡಿಗಿ ಗಾಡಿ ಅಂತ ಆಮ್ಯಾಲ ಗೊತ್ತಾತು. ಅವರ ಕೇಳೂದು ಮುಗೀಲಿಲ್ಲ, ನಮ್ಮಪ್ಪನ ಕೊಡೂದು ಮುಗೀತು."

ತಾಯಿ, "ಸುಮ್ಮನಿರ ಬೇ," ಎಂದು ಗದರಿದರು.  ದೊಡ್ಡ ಮಗಳು ತವರಿಗೆ ಬಂದು ಕುಳಿತಿದ್ದಾಳೆಂದು ತಿಳಿದರೆ ಸಣ್ಣವಳ ಸಂಬಂಧ ಮುರಿದೀತೆಂದು ಅವರ ಅಂಜಿಕೆ. ಅದಕ್ಕೇ ಶುಭಕಾರ್ಯದ ದಿನ ಆಕೆಯನ್ನು ಒಳಗೆ ಕೂಡ್ರಿಸಿದ್ದರು. ಇತ್ತ ಈರಪ್ಪನವರಿಗೆ ನಮ್ಮ ಗಾಡಿಯ ಅಂಜಿಕೆ. 'ನಾವು ಅಂಥವರಲ್ಲ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಆ ಮಾತನ್ನು ಅವರೂ ಆಡಿಯೇ ಇರುತ್ತಾರಲ್ಲ.

ಪಡಸಾಲೆಗೆ ಬಂದಾಗ ಈರಪ್ಪನವರು ಕೈ ಮುಗಿದು, "ವಿಚಾರ ಮಾಡಿ ತಿಳಸ್ತೀವ್ರಿ," ಎಂದರು. ನಮ್ಮ ಕಡೆ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಲ್ಲೆವು ಎಂದು. ಸಂಗು ಕರ್ಚೀಫು ತೆಗೆದು ಮುಖ ಒರೆಸಿಕೊಂಡ, ಎದ್ದ.

ನಮ್ಮವರು ಮುಂದೆ ಹೋಗಿ, ಬಿಸಿಲಿಗೆ ಕಾದ ಗಾಡಿ ತಣ್ಣಗಾಗಲೆಂದು ಗಾಜುಗಳನ್ನೆಲ್ಲ ಇಳಿಸಿ ಸ್ಟಾರ್ಟ್ ಮಾಡಿದರು. ಆ ಹೊತ್ತಿಗೇ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕೆಲಸ ನಿಂತ ಮಂದಿ ಬಾಗಿಲಿಗೆ ಬಂದು ನಿಂತರು. ನಾನಿನ್ನೂ ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ನನ್ನ ಚೀಲದಲ್ಲಿ ಫೋನು ಗುಂಯ್ಗುಟ್ಟಿತು. ನನ್ನ ಫೋನಿಗೂ ಗಾಡಿಗೂ ಗಂಟು ಹಾಕಿಟ್ಟಿದ್ದಾರೆ; ಹತ್ತಿರದಲ್ಲಿದ್ದರೆ ಕರೆ ಗಾಡಿಯಲ್ಲೇ ಮಾತಾಡುತ್ತದೆ. ನಮ್ಮವರು ರೂಢಿಯಂತೆ ಸ್ಟಿಯರಿಂಗಿನ ಗುಂಡಿ ಒತ್ತಿಬಿಟ್ಟರು. ಸ್ಪೀಕರಿನ ಸಪ್ಪಳ ಜಮಖಂಡಿಯಲ್ಲಿ ಏರಿಸಿದಷ್ಟೇ ಇತ್ತು.

"ಏನಾತ ಬೇ? ಒಪ್ಪಿದ್ರೇನು?" ಅವ್ವನ ದನಿ ಓಣಿಯ ಆ ತುದಿಯವರೆಗೆ ಕೇಳಿತು.

"ಅತ್ತೀ, ಆಮ್ಯಾಲ ಮಾತಾಡೂಣ್ರಿ," ಎಂದು ನಮ್ಮವರು ಗಡಬಡಿಸಿ ಪರದೆಯನ್ನು ಎಲ್ಲೆಂದರಲ್ಲಿ ಒತ್ತಿದರು. ಆರಿಸುವ ಗುಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಸಿಕ್ಕವು. ಕಿವಿ ಮಂದವಾದ ಅವ್ವ ಮಾತು ನಿಲ್ಲಿಸಲಿಲ್ಲ.

"ಆ ಗುಡ್ಡ ಒಯ್ಯಬ್ಯಾಡ್ರಿ ಅಂತ ಬಡಕೊಂಡೆ. ಹೆಣ್ಣ ಹಡದವರು ಅಂಜೂದಿಲ್ಲೇನು ಅದನ್ನ ನೋಡಿ? ಏನೂ ಕೇಳಬ್ಯಾಡ್ರಿ ಮತ್ತ. ಒಂದು ಡಬ್ಬಿ ಸೈತ ಕೇಳಬ್ಯಾಡ್ರಿ. ಆ ಹುಡುಗಿನ್ನ ಯಾರರ ಕೇಳಿದ್ರೇನು, ನಿನಗ ಮನಸೈತೇನು ಅಂತ? ನಮ್ಮ ಮೂಳ ಬಾಯಿ ಬಿಟ್ಟನೋ ಇಲ್ಲೋ? ದನದ ಜೋಡಿ ಮಾತಾಡ್ತಾನ, ಮಂದಿ ಜೋಡಿ ಆಡೂದಿಲ್ಲ."

ಓಣಿ ನಕ್ಕಿತು. ಸಂಗುವಿನ ಕಿವಿ ಕೆಂಪಾದವು. ನಾನು ಒಂದೇ ಚಪ್ಪಲಿಯಲ್ಲಿ ಗಾಡಿಯ ಕಡೆ ಓಡಿದೆ.

"ಇನ್ನೊಂದು ಮಾತು," ಎಂದಳು ಅವ್ವ. "ಅವರ ಹಿರೇ ಮಗಳು ತಿರುಗಿ ಬಂದಾಳಂತ, ನನಗ ಎಂದೋ ಗೊತ್ತೈತಿ. ಆಕಿನ್ನ ಒಳಗ ಕುಂದರಿಸಿರತಾರ, ಪಾಪ. ಆಕಿದೇನ ತಪ್ಪ? ಹೊರಗ ಕರೀರಿ. ತಂಗಿ ಲಗ್ನದಾಗ ಆಕೀನ ಮುಂದ ನಿಂತು ಅಕ್ಕಿ ಹಾಕಲಿ ಅಂತ ನಾ ಹೇಳೇನಿ ಅನ್ರಿ."

ನಾನು ಓಡುವುದನ್ನು ನಿಲ್ಲಿಸಿದೆ. ಯಾರೂ ನಗಲಿಲ್ಲ. ಈರಪ್ಪನವರು ಗೋಡೆ ಹಿಡಿದು ನಿಂತಿದ್ದರು. ಸವಿತಾ ಸರ್ರನೆ ಒಳಗೆ ಹೋದಳು. ಬರುವಾಗ ಅಕ್ಕನ ಕೈ ಹಿಡಿದು ಎಳೆದುಕೊಂಡೇ ಬಂದಳು. ಅಕ್ಕ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅಪ್ಪನ ಮುಖ ನೋಡಿದಳು. ಅವರು ಬೇಡವೆನ್ನಲಿಲ್ಲ. ನಾನು ಅವಳ ಮುಂದೆ ಹೋಗಿ, "ಕುಂಕುಮ ಹಚ್ಚವ್ವ ನನಗ, ಹಂಗ ಹೊಂಟೇನಿ," ಎಂದೆ. ಸವಿತಾ ಭರಣಿ ತಂದುಕೊಟ್ಟಳು. ಅಕ್ಕ ಹಚ್ಚಿದಳು. ಅರ್ಧ ಕುಂಕುಮ ನನ್ನ ಮೂಗಿನ ಮೇಲೆ ಬಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಈರಪ್ಪನವರು ಸವಿತಾಳ ಕಡೆ ನೋಡಿದರು, ಅವಳು ಹೂಂ ಎಂದು ತಲೆಯಾಡಿಸಿದಳು. ಅವರು ಗಾಡಿಯ ಬಾಗಿಲಿಗೆ ಬಂದು, ಒಳಗೆ ಬಾಗಿ, ಪರದೆಗೆ ಕೈ ಮುಗಿದು ದನಿ ಏರಿಸಿದರು. "ಅವ್ವಾರ, ನಾ ಹುಡುಗಿ ಅಪ್ಪ ಮಾತಾಡಾಕತ್ತೇನ್ರಿ. ಹುಡುಗಿಗೆ ಮನಸೈತ್ರಿ. ನಮಗೂ ಐತಿ. ನಿಶ್ಚಯಕ್ಕ ನಾವ ಬೀಳಗಿಗಿ ಬರ್ತೀವ್ರಿ, ಬಸ್ಸಿಗಿ."

 ಆ ಕಡೆಯಿಂದ ಫೋನು ಕಟ್ಟಾಯಿತು.

ತಿರುಗಿಸಲು ಜಾಗವಿಲ್ಲದ್ದರಿಂದ ಓಣಿಯುದ್ದಕ್ಕೂ ಹಿಂದಕ್ಕೇ ಹೊರಟೆವು. ಓಣಿಯವರೇ ಮುಂದೆ ಹಿಂದೆ ನಿಂತು, "ಬರ್ರಿ, ಬರ್ರಿ, ಸಾಕು," ಎಂದು ದಾರಿ ತೋರಿಸಿದರು. ಒಂದು ಗೋಡೆಗೆ ತಾಗಿ ಎಡ ಬಾಗಿಲಿನ ಮೇಲೆ ಗೇಣುದ್ದ ಗೀರು ಬಿತ್ತು. ನಮ್ಮವರು ಇಳಿದು ನೋಡಿದರು, ಒಮ್ಮೆ ಬೆರಳಾಡಿಸಿ ಬಂದು ಕುಳಿತರು. ಒಲೆಯ ಮುಂದೆ ಕೇಳಿದ್ದನ್ನು ದಾರಿಯಲ್ಲಿ ನಾನು ಹೇಳಿದೆ. ಜಮಖಂಡಿ ದಾಟಿದ ಮೇಲೆ ಒಮ್ಮೆ, "ಪಾಪ, ಬಾಡಿಗಿ ಗಾಡಿ ಅಂತ," ಎಂದರು, ಅಷ್ಟೇ. ಸಂಗು ಅಂಗಿ ಮುದುಡುವಂತೆ ಒರಗಿ ನಿದ್ದೆ ಹೋದ.

ಬೀಳಗಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಅವ್ವ ಕಟ್ಟೆಯ ಮೇಲೇ ಇದ್ದಳು. "ಆ ಮನುಷ್ಯಾ ನಿನ್ನ ಫೋನಿನ್ಯಾಗ ಹೆಂಗ ಬಂದ್ರು ಒಮ್ಮಿಂದೊಮ್ಮೆಲೆ? ಗಾಬರ್ಯಾಗಿ ಫೋನ ಇಟ್ಟಬಿಟ್ಟೆ," ಎಂದಳು. ಆದದ್ದನ್ನೆಲ್ಲ ಹೇಳಿದೆವು. ಅವ್ವ ಹಣೆ ಬಡಿದುಕೊಂಡಳು.

"ಅಯ್ಯ ಶಿವನ! ಓಣಿ ಮಂದೆಲ್ಲಾ ಕೇಳಿದ್ರ? ನಾ ಮೂಳ ಅಂದದ್ದೂ?"

"ಅದನ್ನೂ ಕೇಳಿದ್ರವ್ವ," ಎಂದ ಸಂಗು.

ಸೆರಗಿನಿಂದ ಮುಖ ಮುಚ್ಚಿಕೊಂಡು, ಇನ್ನು ಯಾವ ಮುಖ ಹೊತ್ತು ಅವರ ಮುಂದೆ ನಿಲ್ಲಲಿ ಎಂದು ಬಹಳ ಹೊತ್ತು ಗೊಣಗಿದಳು. ಆಮೇಲೆ ಸೆರಗು ಸರಿಸಿ ನನ್ನನ್ನು ಮೆಲ್ಲಗೆ ಕೇಳಿದಳು: "ಆ ಹಿರೇ ಹುಡುಗೀನೂ ಕೇಳಿದಳೇನು?"

"ಕೇಳಿದಳವ್ವ. ಹೊರಗ ಬಂದಳು."

"ಹಂಗಾರ ಕೇಳಲಿ ಬಿಡು, ಎಲ್ಲಾರೂ," ಎಂದಳು ಅವ್ವ.