ಊಟ ಬಿಟ್ಟರೂ ಇಟ್ಟಂಗಿ ಬಣ್ಣ

ಬಬಲೇಶ್ವರದ ಸಂತೆಯಿಂದ ಬಂದ ಅತ್ತೆ ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ನೀರು ಕೇಳಿದರು. ಒಂದು ತಂಬಿಗೆ. ಇನ್ನೊಂದು. ಮೂರನೆಯದನ್ನು ತಾವೇ ತುಂಬಿಕೊಂಡರು. ಬಿಸಿಲಿನ ಝಳ ಎಂದುಕೊಂಡೆವು. ತಿಂಗಳಾದರೂ ನೀರಡಿಕೆ ತೀರಲಿಲ್ಲ. ಮೈ ಸೊರಗಿ ಕುಪ್ಪಸಗಳೆಲ್ಲ ಸಡಿಲಾದವು.

ನಮ್ಮತ್ತೆ ಗೌರವ್ವ ತಿಕೋಟಾದಲ್ಲಿ ಗಟ್ಟಿ ಹೆಣ್ಣುಮಗಳು ಅಂತಲೇ ಹೆಸರಾದವರು. ಸೊಪ್ಪು ಮಾರಿ ಒಬ್ಬನೇ ಮಗನನ್ನು, ಅಂದರೆ ನನ್ನ ಗಂಡನನ್ನು, ಓದಿಸಿ ಸಾಲಿ ಮಾಸ್ತರನನ್ನಾಗಿ ಮಾಡಿದವರು. ಅವರ ಬಾಯಲ್ಲಿ ಸುಳ್ಳು ಬಂದದ್ದನ್ನು ಯಾರೂ ಕೇಳಿಲ್ಲ.

ವಿಜಾಪುರದ ದವಾಖಾನೆಯಲ್ಲಿ ಸಕ್ಕರೆ ರೋಗ ಎಂದರು. ಗುಳಿಗೆ ಸಾಲದಂತೆ, ಇನ್ಸುಲಿನ್ನೇ ಬೇಕಂತೆ.

ದಿನಾ ಮುಂಜಾನೆ ಒಂದು ಸೂಜಿ.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಸಂತೆಗೆ ಹೋಗಬಹುದೋ ಇಲ್ಲವೋ ಅಂತ. ಹೋಗಬಹುದು ಎಂದಾಗ ಮುಖ ಅರಳಿತು.

ಸೂಜಿ ಹಾಕುವುದನ್ನು ನಾನೇ ಕಲಿತೆ. ಗಾಜಿನ ಸಿರಿಂಜ್ ಕುದಿಸಬೇಕು, ಔಷಧದ ಬಾಟಲಿಯನ್ನು ಹಸಿ ಮರಳಿನ ಗಡಿಗೆಯಲ್ಲಿ ತಂಪಾಗಿಡಬೇಕು. ಮೊದಲ ದಿನ ನಾನು ಸಿರಿಂಜನ್ನು ತಿರುವುಮುರುವಾಗಿ ಹಿಡಿದದ್ದನ್ನು ನೋಡಿ ಅತ್ತೆ, "ಹಿಂಗ ಹಿಡಿದ್ರ ಸೂಜಿ ನಿನಗ ಚುಚ್ಚತೈತಿ ನೋಡು" ಎಂದು ನಕ್ಕರು. ಮೂತ್ರದ ಪರೀಕ್ಷೆಯೂ ನನ್ನದೇ. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಂಗಿ ಬಣ್ಣ, ಅಂದರೆ ಇಟ್ಟಿಗೆಯ ಕೆಂಪು, ಬಂದರೆ ಬಹಳ.

ಸಂಜೆ ಹಸಿರು ಬರುತ್ತಿತ್ತು. ಮುಂಜಾನೆ ಮಾತ್ರ ಇಟ್ಟಂಗಿ. ಎರಡು ವಾರ ಇದೇ ಕತೆ.

ಎಲ್ಲರೂ ಮಲಗಿದ ಮೇಲೆ ಬೆಲ್ಲ ತಿನ್ನುತ್ತಾರೇನೋ ಎಂಬ ಸಂಶಯ ನನ್ನ ತಲೆ ಹೊಕ್ಕಿತು. ಕೇಳಿದೆ. ಇಲ್ಲ ಎಂದರು. ಆದರೂ ಬೆಲ್ಲದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅದನ್ನು ಅವರು ನೋಡಿದರು.

ಆ ಸಂಜೆ ಊಟದ ತಾಟನ್ನು ನನ್ನ ಕಡೆ ಸರಿಸಿದರು. "ಇವತ್ತ ನಾ ಉಣ್ಣಂಗಿಲ್ಲ. ನಾಳೆ ಮುಂಜಾನಿ ನೋಡು ಶಾಂತಾ. ಆಮ್ಯಾಲೆ ಬೀಗದ ಮಾತು." ನನ್ನ ಗಂಡ ಎಷ್ಟು ಹೇಳಿದರೂ ಒಂದು ತುತ್ತು ಮುಟ್ಟಲಿಲ್ಲ.

ಮುಂಜಾನೆ ಕುದಿಸಿದೆ.

ಇಟ್ಟಂಗಿ ಬಣ್ಣ.

ಅತ್ತೆಯೇ ನನಗಿಂತ ಹೆಚ್ಚು ಬೆಚ್ಚಿದರು. ಇಬ್ಬರೂ ವಿಜಾಪುರದ ಬಸ್ಸು ಹತ್ತಿದೆವು.

ಡಾಕ್ಟರು ಮೊದಲು ಬೈದರು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಜೀವಕ್ಕೇ ಅಪಾಯವಂತೆ. ಆಮೇಲೆ ಚೀಟಿಯ ಹಿಂದೆ ಎರಡು ಸೊನ್ನೆ ಬರೆದರು. ಪ್ಯಾಂಕ್ರಿಯಾಸ್‌ನಲ್ಲಿ, ಅಂದರೆ ಹೊಟ್ಟೆಯೊಳಗಿನ ಒಂದು ಗ್ರಂಥಿಯಲ್ಲಿ, ಇವು ಅಕ್ಕಪಕ್ಕದ ಜೀವಕೋಶಗಳು ಎಂದರು. ಒಂದರಿಂದ ಇನ್ಸುಲಿನ್, ಇನ್ನೊಂದರಿಂದ ಗ್ಲುಕಗಾನ್. ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡು ಎಂದು ಲಿವರಿಗೆ ಹೇಳುವುದು ಗ್ಲುಕಗಾನ್. ಅದು ಅತಿಯಾಗದಂತೆ ತಡೆಯುವುದು ಪಕ್ಕದ ಇನ್ಸುಲಿನ್.

"ಇವ್ರದು ಇನ್ಸುಲಿನ್ ಕಡಿಮಿ ಐತವ್ವಾ. ಮುಂಜಾನಿ ಹಾಕಿದ ಸೂಜಿ ಮರುದಿನದ ತನಕ ಸಾಲಂಗಿಲ್ಲ. ಆಗ ಗ್ಲುಕಗಾನ್‌ನ ತಡೆಯಾವ್ರು ಯಾರೂ ಇಲ್ಲ. ಉಂಡ್ರೂ ಅಷ್ಟ, ಬಿಟ್ರೂ ಅಷ್ಟ, ಲಿವರ್ ಸಕ್ಕರಿ ಬಿಡತೈತಿ."

ಅತ್ತೆ ಎರಡನೆಯ ಸೊನ್ನೆಯ ಮೇಲೆ ಬೆರಳಿಟ್ಟರು.

"ಹಂಗಾದ್ರ ಕಳ್ಳ ನನ್ನ ಹೊಟ್ಯಾಗ ಇದ್ದಾನ. ಈಕಿ ಟ್ರಂಕಿಗೆ ಬೀಗ ಹಾಕ್ಯಾಳ."

ಡಾಕ್ಟರು ನಗು ತಡೆಯಲಾರದೆ ಪೆನ್ನು ಕೆಳಗಿಟ್ಟರು. ನನಗೆ ನಗುವೂ ಬಂತು, ಅಳುವೂ ಬಂತು. ಹೊರಗೆ ಬಂದು ಅವರ ಕೈ ಹಿಡಿದು, ತಪ್ಪಾಯಿತು ಎಂದೆ. ಬಸ್ಸು ತಪ್ಪೀತು, ಮೊದಲು ನಡೆ ಎಂದರು. ದಾರಿಯುದ್ದಕ್ಕೂ ಕೈ ಮಾತ್ರ ಬಿಡಲಿಲ್ಲ.

ಅಂದಿನಿಂದ ಸಂಜೆಯೂ ಒಂದು ಸಣ್ಣ ಸೂಜಿ, ಹೊತ್ತಿಗೆ ಸರಿಯಾಗಿ ಊಟ. ಮುಂಜಾನೆಯ ಬಣ್ಣ ನಿಧಾನವಾಗಿ ಹಸಿರಿಗೆ ತಿರುಗಿತು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಜ್ವರ ಬಂದರೆ ಮತ್ತೆ ಇಟ್ಟಂಗಿ ಕಾಣುತ್ತದೆ. ಡೋಸು ಕೇಳಲು ವಿಜಾಪುರಕ್ಕೆ ಓಡುತ್ತೇವೆ. ಆದರೆ ಆ ನೀರಡಿಕೆ ಈಗಿಲ್ಲ.

ಕಳೆದ ವಾರ ಅತ್ತೆ ಘೋಣಸಗಿಯ ತಂಗಿಯ ಮನೆಗೆ ಎರಡು ದಿನ ಒಬ್ಬರೇ ಹೋಗಿದ್ದರು. ಸಿರಿಂಜ್, ಬಾಟಲಿ, ದೀಪ ಎಲ್ಲ ಚೀಲದಲ್ಲಿ. ಸೂಜಿಯನ್ನೂ ತಾವೇ ಹಾಕಿಕೊಂಡರಂತೆ. ಬಂದವರೇ ಚಪ್ಪಲಿ ಬಿಡುತ್ತ, "ಎರಡೂ ಮುಂಜಾನಿ ನೀಲಿ" ಎಂದರು.

ಬಣ್ಣ ಯಾವುದೆಂದು ನಾನು ಕೇಳಿಯೇ ಇರಲಿಲ್ಲ.